ಎರಡು ಡಬ್ಬಿ, ಎರಡು ಮುಚ್ಚಳ

ಪುಣೆಯ ವಾಕಡದಲ್ಲಿ ಹೊಸದಾಗಿ ಎದ್ದ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಹುಡುಕುತ್ತಿದ್ದೆ. ಆಗ ಆ ವಾಸನೆ ಬಂತು. ಹಳಸಿದ ಮೀನಿನ ಮೇಲೆ ಯಾರೋ ನವಸಾಗರ ತಿಕ್ಕಿದಂಥ ವಾಸನೆ. ಮೂಗಿಗಿಂತ ಮೊದಲು ಕೈಗೆ ಗೊತ್ತಾಯಿತು. ಹೆಬ್ಬೆರಳು, ತೋರುಬೆರಳು ತಮ್ಮಷ್ಟಕ್ಕೆ ಒಂದನ್ನೊಂದು ಉಜ್ಜಿ, ಅಂಟು ಇದೆಯೇ ಎಂದು ನೋಡಿಕೊಂಡವು.

ಮೂಲೆಯಲ್ಲಿ ಇಬ್ಬರು ಎಪಾಕ್ಸಿ ನೆಲ ಹಾಕುತ್ತಿದ್ದರು. ಹಿರಿಯವನು ತಲೆಗೆ ಟವೆಲು ಸುತ್ತಿ ಎಲೆಕ್ಟ್ರಾನಿಕ್ ತೂಕದ ಕಾಂಟಾದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಮಾತು ಕೇಳಿದರೆ ಯಾದಗಿರಿ ಕಡೆಯವನು.

“ಐನೂರಂದ್ರ ಐನೂರು. ಐನೂರಾ ಎರಡಲ್ಲ.”

“ಎರಡ ಗ್ರಾಮಿಗೆ ಏನಾಗ್ತದ ಕಾಕಾ? ಮದಿವಿ ನಿಂದರ್ತದೇನು?” ಎಂದ ಜೊತೆಯವನು.

“ಮದಿವಿ ನಡೀತದ. ನೆಲ ನಿಂದ್ರಲ್ಲ.”

ನಾನು ಸ್ಕೂಟರಿನ ಕೀಲಿ ತೆಗೆಯದೆ ಅಲ್ಲೇ ನಿಂತೆ. ಈ ಎರಡು ಗ್ರಾಮಿನ ಮೇಲೆ ನನ್ನದೊಂದು ಕಥೆ ಇದೆ. ಹತ್ತು ವರ್ಷಗಳಿಂದ ಅದನ್ನು ಹೇಳುತ್ತಾ ಬಂದಿದ್ದೇನೆ, ಊಟಕ್ಕೆ ಬಂದವರೆಲ್ಲ ನಕ್ಕಿದ್ದಾರೆ. ಅದಕ್ಕೇ ನನಗೆ ಅದರ ಮೇಲೆ ಅನುಮಾನ. ನಡೆದದ್ದು ಅಷ್ಟು ಚೆನ್ನಾಗಿ ನಗಿಸುವಂಥದ್ದಾಗಿರಲಿಲ್ಲ. ಹೇಳಿ ಹೇಳಿ ಅದರ ಮೂಲೆಗಳನ್ನೆಲ್ಲ ನಾನೇ ಉಜ್ಜಿ ನುಣ್ಣಗೆ ಮಾಡಿದ್ದೇನೆ. ಈ ಸಲ ಉಜ್ಜದೆ ಹೇಳಲು ನೋಡುತ್ತೇನೆ, ಆಗುತ್ತದೋ ಇಲ್ಲವೋ.

ಶತಮಾನ ಮುಗಿಯಲು ಒಂದು ವರ್ಷವಿತ್ತೋ ಎರಡೋ, ಸರಿಯಾಗಿ ನೆನಪಿಲ್ಲ. ಮಳೆಗಾಲ ಎಂಬುದು ಮಾತ್ರ ಖಚಿತ. ಕೊಂಢವಾದಲ್ಲಿ ನಮ್ಮ ಮನೆಯ ಹಿಂದೆ ತಗಡಿನ ಶೆಡ್ ಒಂದಿತ್ತು. ನಾನು ಶಾಲೆಯ ಚಿತ್ರಕಲೆ ಟೀಚರ್ ಕೆಲಸ ಬಿಟ್ಟು ಆ ಶೆಡ್ಡಿಗೆ ಹೊಕ್ಕಿದ್ದೆ. ಮಕ್ಕಳಿಗೆ ವರ್ಷಕ್ಕೆ ಇನ್ನೂರು ಸಲ ಮಾವಿನಹಣ್ಣು ಬರೆಸಿ ಸಾಕಾಗಿತ್ತು. ನನಗೆ ಹೂಬಳ್ಳಿ ಇಲ್ಲದ, ನವಿಲಿಲ್ಲದ, ಏನನ್ನೂ ನೆನಪಿಸದ ಒಂದು ಮೇಜು ಮಾಡಬೇಕಿತ್ತು. ಬಿಬವೇವಾಡಿಯಲ್ಲಿ ರಸ್ತೆಗೆ ಅಡ್ಡವಾಗುತ್ತದೆಂದು ಒಂದು ನೇರಳೆ ಮರ ಕಡಿದಿದ್ದರು. ಅದರ ಕಾಂಡದ ಒಂದು ಹಲಗೆ ಸಿಕ್ಕಿತು. ಒಣಗುವಾಗ ಅದು ಉದ್ದಕ್ಕೆ ಸೀಳಿ ಎರಡಾಯಿತು. ಆ ಬಿರುಕನ್ನು ಮುಚ್ಚಬಾರದು, ಅದರಲ್ಲಿ ಗಾಜಿನಂಥ ತಿಳಿ ರೆಸಿನ್ ತುಂಬಬೇಕು, ಒಡೆದದ್ದು ಒಡೆದಂತೆಯೇ ಕಾಣುತ್ತಾ ಒಂದಾಗಿ ನಿಲ್ಲಬೇಕು. ಇಷ್ಟೇ ನನ್ನ ಯೋಚನೆ.

ನನ್ನ ಮಾವ, ಎಂದರೆ ಗಂಡನ ತಂದೆ, ಹಲಗೆಯ ಸುತ್ತ ಒಂದು ಸುತ್ತು ಬಂದು ಕೇಳಿದರು: “ನಡುವ ಏನ ಇಡತಿ?”

“ಏನೂ ಇಲ್ಲರಿ.”

“ಏನೂ ಇಲ್ಲದ್ದನ್ನ ಇಡಾಕ ಇಷ್ಟ ತ್ರಾಸು ತಗೊಂತೀಯಲ್ಲವಾ! ಒಂದು ಗಣಪತೀನರ ಇಡು. ಜನ ಕೈ ಮುಗೀತಾರ, ಮ್ಯಾಲೆ ಚಹಾದ ಕಪ್ ಇಡಂಗಿಲ್ಲ, ಮೇಜು ಭಾಳ ವರ್ಷ ಬರ್ತದ.”

ಅವರು ಬಾಗಲಕೋಟೆ ಕಡೆಯಿಂದ ಬಂದು ಬಿಬವೇವಾಡಿಯ ಮಾರ್ಕೆಟ್ಟಿನಲ್ಲಿ ಮೂವತ್ತೊಂದು ವರ್ಷ ಕಿರಾಣಿ ಅಂಗಡಿ ನಡೆಸಿದವರು. ಮೊಣಕಾಲು ಹಿಡಿದ ಮೇಲೆ ಅಂಗಡಿ ಮುಚ್ಚಿ, ಜೀರಿಗೆ ಮೆಣಸು ತೂಗುತ್ತಿದ್ದ ಹಿತ್ತಾಳೆಯ ತಕ್ಕಡಿಯನ್ನಷ್ಟೇ ಮನೆಗೆ ತಂದಿದ್ದರು. ಆ ವರ್ಷ ಸೊಲ್ಲಾಪುರದಲ್ಲಿದ್ದ ಗಂಡನ ಅಣ್ಣನಿಗೆ, ಎಂದರೆ ನನ್ನ ಭಾವನಿಗೆ, ಪುಣೆಗೆ ವರ್ಗವಾಗಿತ್ತು. ಅವರ ಸಂಸಾರಕ್ಕೆ ಒಂದು ಕೋಣೆ ಬೇಕಿತ್ತು, ಎಲ್ಲರ ಕಣ್ಣೂ ನನ್ನ ಶೆಡ್ಡಿನ ಮೇಲೆ. ಮಾವ ತೀರ್ಪು ಕೊಟ್ಟರು: “ದಸರಾದೊಳಗ ಒಂದ ಮೇಜು ನಿಂದ್ರಸು. ನಿಂತ್ರ ಶೆಡ್ಡು ನಿಂದು. ಇಲ್ಲಂದ್ರ ಅವಗ ಖೋಲಿ ಮಾಡೂಣು.”

ಜೂನ್‌ನಲ್ಲಿ ಹೇಳಿದ ಮಾತು. ನಾಲ್ಕು ತಿಂಗಳು ಬೇಕಾದಷ್ಟಾಯಿತು ಎಂದು ನಾನು ನಕ್ಕಿದ್ದೆ.

ಆಗ ಕುಶಲಕಲೆಯವರಿಗೆಂದು ರೆಸಿನ್ ಮಾರುವವರು ನನಗೆ ಸಿಗಲಿಲ್ಲ. ಕಾರ್ಖಾನೆಗಳಿಗೆ ರಾಸಾಯನಿಕ ಕೊಡುವ ಒಬ್ಬ ವ್ಯಾಪಾರಿ, ಟ್ರಾನ್ಸ್‌ಫಾರ್ಮರಿಗೆ ಸುರಿಯುವ ಮಾಲಿನಲ್ಲಿ ಎರಡು ಡಬ್ಬಿ ಕೊಟ್ಟ. ದೊಡ್ಡದರಲ್ಲಿ ರೆಸಿನ್, ಜೇನಿನಂತೆ ಮಂದ. ಚಿಕ್ಕದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡನರ್, ತೆಳುವಾದದ್ದು, ಈ ವಾಸನೆಯದ್ದು. ತೂಕದಲ್ಲಿ ನೂರಕ್ಕೆ ಐವತ್ತು, ಕಣ್ಣಳತೆ ಬೇಡ. ತೆಳುವಾಗಿ ಪದರ ಪದರವಾಗಿ ಸುರಿಯಿರಿ, ದಪ್ಪಗೆ ಸುರಿದರೆ ಒಳಗೇ ಕುದಿದು ಸೀಳುತ್ತದೆ. ನೆಲದ ತಂಪಿನಲ್ಲಿ ಡಬ್ಬಿ ಇಡಬೇಡಿ, ನೀರಿನ ಗಾಳಿ ತಾಗಿಸಬೇಡಿ. ಇಷ್ಟು ಹೇಳಿ, ನಾನು ಅಂಗಡಿಯ ಮೆಟ್ಟಿಲಿಳಿದ ಮೇಲೆ ಮತ್ತೆ ಕೂಗಿದ: “ವಹಿನಿ, ಏಕ್ ಗೋಷ್ಟ! ಝಾಕಣ ಬದಲೂ ನಕಾ!” ಅತ್ತಿಗೇ, ಒಂದು ಮಾತು, ಇದರ ಮುಚ್ಚಳ ಅದಕ್ಕೆ, ಅದರದ್ದು ಇದಕ್ಕೆ ಹಾಕಬೇಡಿ ಎಂದು. ಮುಚ್ಚಳಗಳು ನೋಡಲು ಒಂದೇ ತರಹ, ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸ. ಮನೆಗೆ ಬಂದವಳೇ ಹಾರ್ಡನರಿನ ಡಬ್ಬಿಗೂ ಮುಚ್ಚಳಕ್ಕೂ ಕೆಂಪು ಬಣ್ಣ ಬಳಿದೆ. ಚಿತ್ರಕಲೆ ಟೀಚರ್ ಅಲ್ಲವೇ, ಬಣ್ಣ ಬಳಿದರೆ ಲೋಕ ಸರಿಹೋಯಿತು ಎಂಬ ನಂಬಿಕೆ.

ಮಳೆ ಹಿಡಿಯಿತು. ಪುಣೆಯ ಮಳೆ ಬಾಗಲಕೋಟೆಯ ಮಳೆಯ ಹಾಗೆ ಬಂದು ಹೋಗುವುದಿಲ್ಲ, ಗೋಡೆಗೆ ಒರಗಿ ನಿಂತ ಮನುಷ್ಯನ ಹಾಗೆ ಸುಮ್ಮನೆ ಇದ್ದುಬಿಡುತ್ತದೆ. ತಗಡು ಎರಡು ಕಡೆ ಸೋರುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ ರೆಸಿನ್ ತಳದಲ್ಲಿ ಬೆಳ್ಳಗೆ ಹರಳುಗಟ್ಟಿತ್ತು. ಮಾಲು ಕೆಟ್ಟಿತೆಂದು ನಾನು ತಲೆಗೆ ಕೈ ಕೊಟ್ಟು ಕೂತೆ. ಮಾವ ಕೋಲೂರಿಕೊಂಡು ಬಂದು ಬಗ್ಗಿ ನೋಡಿ, “ತುಪ್ಪದಂಗ ಗಟ್ಟಿ ಆಗೈತಿ ಅಷ್ಟ. ಕೆಟ್ಟಿಲ್ಲ,” ಎಂದರು. ಬೋಗುಣಿಯಲ್ಲಿ ಬಿಸಿನೀರು ಇಟ್ಟು ಡಬ್ಬಿಯನ್ನು ಅದರಲ್ಲಿ ಕೂಡಿಸಿದರು. ಒಂದು ತಾಸಿನಲ್ಲಿ ಹರಳೆಲ್ಲ ಕರಗಿ ತಿಳಿಯಾಯಿತು.

ಅವತ್ತಿನಿಂದ ಉಗ್ರಾಣ ಅವರದ್ದಾಯಿತು. ಅಂಗಡಿಯ ಹಳೆಯ ತಗಡಿನ ಪೆಟ್ಟಿಗೆ ತಂದರು, ತಳದಲ್ಲಿ ಸುಟ್ಟ ಸುಣ್ಣದ ಕಲ್ಲನ್ನು ಬಟ್ಟೆಯಲ್ಲಿ ಕಟ್ಟಿ ಇಟ್ಟರು, ಮೇಲೆ ಮಣೆ, ಮಣೆಯ ಮೇಲೆ ಡಬ್ಬಿಗಳು. “ಮಳಿಗಾಲದಾಗ ಬೆಲ್ಲ ಕಾದಿಟ್ಟಾಂವ ನಾ. ಇದೇನ ಮಹಾ?” ಎಂದರು. ಸುಣ್ಣ ಗಾಳಿಯ ನೀರನ್ನು ಕುಡಿಯುತ್ತಿತ್ತು. ಮೂರು ತಿಂಗಳು ಆ ಪೆಟ್ಟಿಗೆಯಲ್ಲಿದ್ದ ಮಾಲು ಒಂದು ದಿನವೂ ಕೆಡಲಿಲ್ಲ. ಕಥೆ ಹೇಳುವಾಗ ನಾನು ಈ ಪೆಟ್ಟಿಗೆಯನ್ನು ಬಿಟ್ಟುಬಿಡುತ್ತೇನೆ.

ತೂಗುವ ಕೆಲಸವೂ ಅವರೇ ಕೇಳಿ ತೆಗೆದುಕೊಂಡರು. ತಕ್ಕಡಿಯ ಎರಡೂ ತಟ್ಟೆಯಲ್ಲಿ ಒಂದೊಂದು ಕಾಗದದ ಕಪ್ಪು, ಒಂದು ಕಡೆ ಬಟ್ಟು, ಒಂದು ಕಡೆ ಮಾಲು. ಚಿಕ್ಕ ತಕ್ಕಡಿಯಾದ್ದರಿಂದ ಒಂದು ಸಲಕ್ಕೆ ನೂರೂ ಐವತ್ತೂ ಮಾತ್ರ, ಹೆಚ್ಚು ಬೇಕಾದರೆ ಮತ್ತೆ ಮತ್ತೆ. ಮೊದಲನೆಯದನ್ನು ಅವರು ಒಂದು ಎಂದು ಎಣಿಸುತ್ತಿರಲಿಲ್ಲ, “ಲಾಭ” ಎನ್ನುತ್ತಿದ್ದರು. “ಲಾಭ, ಎರಡು, ಮೂರು…” ಖಾಲಿ ತಕ್ಕಡಿ ಬಟ್ಟಿನ ಕಡೆಗೆ ಒಂದಿಷ್ಟು ವಾಲುತ್ತಿತ್ತು. ಶಾಲೆಯ ಕಪ್ಪು ಹಲಗೆಯ ಮೇಲೆ ಗೆರೆ ಕೂದಲೆಳೆಯಷ್ಟು ಸೊಟ್ಟಗಾದರೂ ಅಳಿಸುವ ನಾನು ಅದನ್ನು ನೋಡಿದೆ. ವಯಸ್ಸಾದ ತಕ್ಕಡಿ, ಬೆನ್ನು ಬಾಗಿದೆ ಎಂದುಕೊಂಡು ಬಿಟ್ಟೆ.

ಮೊದಲು ಒಂದು ತುಂಡು ಮರದ ಮೇಲೆ ಸುರಿದು ನೋಡಿದೆವು. ಮೂರು ದಿನವಾದರೂ ಅಂಟಂಟು. ಬೆಳಿಗ್ಗೆ ಮಾವ ಹಲ್ಲುಜ್ಜುವ ಮೊದಲೇ ಬಂದು ಹೆಬ್ಬೆರಳು ಒತ್ತಿ, “ಪಾಕ ಇನ್ನೂ ಒಂದೆಳಿ ಮ್ಯಾಲ ಅದ,” ಎನ್ನುತ್ತಿದ್ದರು. ನಾನು ಮಳೆಯನ್ನು ಬೈದೆ. ಬೈಯಲು ಕಾರಣವೂ ಇತ್ತು, ಮೇಲ್ಮೈಯಲ್ಲಿ ಹಾಲಿನ ಕೆನೆಯಂಥ ಬಿಳಿ ಜಿಡ್ಡು ಕೂರುತ್ತಿತ್ತು. ಪ್ಲಾಸ್ಟಿಕ್ ಗುಡಾರ ಕಟ್ಟಿ ಒಳಗೆ ನೂರು ವ್ಯಾಟಿನ ಎರಡು ಬಲ್ಬು ಉರಿಸಿದೆ. ಜಿಡ್ಡು ಹೋಯಿತು, ಮೆತ್ತಗಾದದ್ದು ಹೋಗಲಿಲ್ಲ. ಆಗಸ್ಟಿನಲ್ಲಿ ಧೈರ್ಯ ಮಾಡಿ ಹಲಗೆಯ ಬಿರುಕಿಗೇ ಮೊದಲ ಪದರ ಸುರಿದೆವು. ಅದು ರಬ್ಬರಿನಂತಾಗಿ ನಿಂತುಬಿಟ್ಟಿತು. ಉಗುರು ಒತ್ತಿದರೆ ಚಂದ್ರನ ಗುರುತು. ಉಳಿ, ಚಾಕು, ಕೊನೆಗೆ ಪಲ್ಯ ಹೆಚ್ಚುವ ಈಳಿಗೆಮಣೆ ಹಿಡಿದು ಹನ್ನೆರಡು ದಿನ ಅದನ್ನು ಕೆರೆದು ತೆಗೆದೆ. ಕೈಗೆ ಹಾಲಿನ ಖಾಲಿ ಪ್ಯಾಕೆಟ್ಟು ಕಟ್ಟಿಕೊಂಡಿದ್ದರೂ ಬೆರಳ ಸಂದಿಯಲ್ಲಿ ಕಡಿತ ಎದ್ದಿತು. ನನ್ನ ಗಂಡ ಆನಂದ ಒಂದು ಸಂಜೆ ಬಾಗಿಲಲ್ಲಿ ನಿಂತು, “ಅಣ್ಣ ಮಂಚದ ಅಳತಿ ಕೇಳ್ಯಾನ,” ಎಂದ. ಉಳಿಯನ್ನು ಅವನ ಕಡೆಗೆ ಎಸೆಯಲಿಲ್ಲ ಎಂಬುದು ಆ ತಿಂಗಳ ನನ್ನ ಏಕೈಕ ಸಾಧನೆ.

ಮರವನ್ನು ಬೈದೆ, ಒಳಗೆ ಪಸೆ ಇದೆ ಎಂದು. ವ್ಯಾಪಾರಿಯನ್ನು ಬೈದೆ, ಕಲಬೆರಕೆ ಎಂದು. ಎರಡನೆಯ ಸಲ ಸುರಿದದ್ದೂ ಹಾಗೇ ಆಯಿತು. ಮತ್ತೆ ಕೆರೆತ.

ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಪಕ್ಕದ ಮನೆಯ ಸುರೇಖಾ ಜೋಳದ ಹಿಟ್ಟು ಕೇಳಿಕೊಂಡು ಬಂದಳು. ಮಾವ ಗ್ಲಾಸಿನಲ್ಲಿ ಅಳೆದು, ಅಂಗೈಯಿಂದ ಬಾಯಿ ಸಮ ಮಾಡಿ ಅವಳ ಡಬ್ಬಿಗೆ ಸುರಿದರು. ಎರಡನೆಯ ಗ್ಲಾಸೂ ಹಾಗೇ. ಆಮೇಲೆ ಒಂದು ಹಿಡಿ ಹಿಟ್ಟು ತೆಗೆದು ಮೇಲೆ ಹಾಕಿದರು.

“ಹೇ ಕಶಾಲಾ ಕಾಕಾ?” ಎಂದಳು ಅವಳು, ಇದು ಯಾಕೆ ಎಂದು.

“ಕೊಸರು. ಅಳದದ್ದು ನಿನ್ನ ಹಕ್ಕು. ಮ್ಯಾಲಿಂದು ನನ್ನ ಮರ್ಯಾದಿ,” ಎಂದರು ಮಾವ ಕನ್ನಡದಲ್ಲೇ. ಅವಳಿಗೆ ಅರ್ಥವಾಗಲಿಲ್ಲ. ನನಗೆ ಆಯಿತು, ಅಥವಾ ಆಯಿತು ಎಂದುಕೊಂಡೆ. ಹಾರ್ಡನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂದು ಯಾರಿಗಾದರೂ ಅನಿಸಬಹುದು. ಆಗುವುದಿಲ್ಲ. ಹೆಚ್ಚಾದದ್ದು ಜೋಡಿ ಸಿಗದೆ ಒಳಗೇ ಉಳಿದು ಎಲ್ಲವನ್ನೂ ಮೆತ್ತಗೆ ಮಾಡುತ್ತದೆ. ಮೂರು ತಿಂಗಳು ಮಳೆಯನ್ನು ಬೈದೆನಲ್ಲ, ಮಳೆ ಮನೆಯೊಳಗೇ ಇತ್ತು ಎನ್ನಿಸಿತು.

ಮರುದಿನ ಅವರು ತೂಗುವಾಗ ನಾನು ಎದುರಿಗೇ ನಿಂತೆ. “ಲಾಭ,” ಎಂದರು. ಬಟ್ಟು ಇಟ್ಟರು. ಹಾರ್ಡನರ್ ಸುರಿದರು. ಮುಳ್ಳು ನಡುವೆ ನಿಂತಿತು. ಆಮೇಲೆ ಅವರ ಮಣಿಕಟ್ಟು ಒಂದಿಷ್ಟು ಬಾಗಿ ಇನ್ನೊಂದು ಎಳೆ ಬಿತ್ತು. ನಾನು ಕಂಡೆ.

“ಮಾವಾ, ಅದನ್ನ ನನ್ನ ಕೈಯಾಗ ಕೊಡ್ರಿ.”

“ಯಾಕವಾ?”

“ನೀವು ಕೊಸರು ಹಾಕ್ಲಿಕತ್ತೀರಿ.”

“ಇಲ್ಲವಾ. ಮುಳ್ಳು ನೋಡು, ನೆಟ್ಟಗ ನಿಂತದ.”

“ಮುಳ್ಳು ನಿಂತ ಮ್ಯಾಲೆ ಕೈ ಬಾಗಿಸಿದ್ರಿ. ನಾ ಕಂಡೇನಿ.”

“ಏನ್ ಕಂಡಿ? ಇದು ಜೀರಗಿ ಅಲ್ಲ, ಔಷಧ. ಔಷಧಕ್ಕ ಯಾರರ ಕೊಸರು ಹಾಕ್ತಾರೇನು? ಅಷ್ಟು ತಿಳಿಯಂಗಿಲ್ಲೇನು ನನಗ?”

ಅಲ್ಲಿಗೆ ನಿಲ್ಲಿಸಬಹುದಿತ್ತು. ಬೆರಳು ಕಡಿಯುತ್ತಿತ್ತು, ದಸರೆಗೆ ಮೂರು ವಾರವಿತ್ತು, ಮಂಚದ ಅಳತೆ ಹೋಗಿಯಾಗಿತ್ತು.

“ನಿಮ್ಮ ಕೈ ಸುಳ್ಳು ತೂಗ್ತದರಿ,” ಎಂದೆ.

ಅವರು ಕಪ್ಪನ್ನು ಕೆಳಗಿಟ್ಟರು. ಬಚ್ಚಲ ಮೋರಿಯ ಬಳಿ ಹೋಗಿ ಸೋಪು ಹಚ್ಚಿ ಎರಡೂ ಕೈ ತೊಳೆದರು. ಭಾಳ ಹೊತ್ತು ತೊಳೆದರು. ಕೋಲು ತೆಗೆದುಕೊಂಡು ಮನೆಯೊಳಗೆ ಹೋದರು. ಆಮೇಲೆ ಶೆಡ್ಡಿನ ಕಡೆ ಬರಲಿಲ್ಲ.

ಅವರು ತೂಗಿದ್ದನ್ನು ಚೆಲ್ಲಿ ನಾನೇ ಹೊಸದಾಗಿ ತೂಗಿದೆ. ಮುಳ್ಳು ಸೂಜಿಯಂತೆ ನೆಟ್ಟಗೆ ನಿಲ್ಲುವವರೆಗೆ ಉಸಿರು ಹಿಡಿದು, ಹನಿ ಹನಿಯಾಗಿ, ಪಾಳಿಯ ಮೇಲೆ ಪಾಳಿ. ನಿಧಾನ ಕಲಸಿದೆ, ಗುಳ್ಳೆಗಳನ್ನು ಮೇಣದಬತ್ತಿಯ ಶಾಖದಲ್ಲಿ ಒಡೆದೆ, ಸುರಿದೆ, ಗುಡಾರ ಮುಚ್ಚಿದೆ. ಮನಸ್ಸಿನಲ್ಲಿ ಇಡೀ ಹೊತ್ತು ಅವರೊಡನೆ ಜಗಳ ಆಡುತ್ತಲೇ ಇದ್ದೆ. ಡಬ್ಬಿಗಳಿಗೆ ಮುಚ್ಚಳ ಒತ್ತಿ, ಹಾಗೇ ಎದ್ದು ಬಂದೆ.

ಐದು ದಿನದ ನಂತರ ಗುಡಾರ ತೆಗೆದು ಹೆಬ್ಬೆರಳು ಒತ್ತಿದೆ. ಮೆತ್ತಗೆ.

ಅಳಲೂ ಇಲ್ಲ, ಬೈಯಲು ಯಾರೂ ಉಳಿದಿರಲಿಲ್ಲ. ಮಳೆ, ಮರ, ವ್ಯಾಪಾರಿ, ಮಾವ ಎಲ್ಲ ಮುಗಿದಿದ್ದರು. ಏನಾದರೂ ಕೈಗೆ ಕೆಲಸ ಬೇಕೆಂದು ತಕ್ಕಡಿಯನ್ನು ಒರೆಸಲು ಹೋದೆ. ಬಟ್ಟಿನ ತಟ್ಟೆಯನ್ನು ಮಗುಚಿದಾಗ ಕೆಳಗೆ ಏನೋ ಕರ್ರಗೆ ಅಂಟಿಕೊಂಡದ್ದು ಕಂಡಿತು. ಧೂಳು, ಎಣ್ಣೆಜಿಡ್ಡು ಕೂತು ಹಿತ್ತಾಳೆಯ ಬಣ್ಣಕ್ಕೇ ತಿರುಗಿದ ಮೇಣ. ಅಡಿಕೆಯಷ್ಟನ್ನು ರೊಟ್ಟಿಯಂತೆ ತಟ್ಟಿ ಅಂಟಿಸಿದ್ದರು. ಅಷ್ಟು ಭಾರವನ್ನು ಸರಿದೂಗಿಸಲು ಪ್ರತಿ ಸಲವೂ ಮಾಲು ಅಷ್ಟೇ ಹೆಚ್ಚು ಬೀಳುತ್ತಿತ್ತು. ನೂರರಲ್ಲಿ ಅದು ಅಷ್ಟಾಗಿ ತಿಳಿಯದು. ಐವತ್ತರಲ್ಲಿ ಕೊಲ್ಲುತ್ತದೆ.

ತಟ್ಟೆಯನ್ನು ಹಾಗೇ ಹಿಡಿದು ಒಳಗೆ ಹೋದೆ. ಮಾವ ಕನ್ನಡಕ ಏರಿಸಿ ನೋಡಿದರು. ಅವರಿಗೂ ಮರೆತೇಹೋಗಿತ್ತು.

“ಅಂಗಡಿ ತೆಗೆದ ಹೊಸತು,” ಎಂದರು. “ಒಬ್ಬಾಕಿ ಎಲ್ಲಾರ ಮುಂದ ಅಂದ್ಲು, ಹತ್ತು ಗ್ರಾಮು ಚಹಾಪುಡಿ ಹೊಡದಿ ಅಂತ. ಕರ್ನಾಟಕದಿಂದ ಬಂದು ನಮ್ಮ ಹೊಟ್ಟಿ ಹೊಡೀತಿ ಅಂತ. ನಾ ಹೊಡದಿದ್ದಿಲ್ಲ. ಆದ್ರ ಹೆಂಗ ತೋರಸ್ತಿ? ಅವತ್ತ ಸಂಜಿಕ ಇದನ್ನ ಹಚ್ಚಿದೆ. ಅವತ್ತಿನಿಂದ ನನ್ನ ಅಂಗಡ್ಯಾಗ ಒಬ್ಬರಿಗೂ ಕಮ್ಮಿ ಹೋಗಿಲ್ಲ.”

ಎಲ್ಲರೂ ತೂಕ ಹೊಡೆಯಲು ತಕ್ಕಡಿಯನ್ನು ಸುಳ್ಳು ಮಾಡುತ್ತಾರೆ. ಇವರು ಕೊಡಲು ಮಾಡಿದ್ದರು.

ಉಗುರಿನಿಂದ ಮೇಣ ಕೆರೆದು ತೆಗೆದು ಅಂಗೈಯಲ್ಲಿ ಉಂಡೆ ಮಾಡಿದರು. “ಹಂಗಾರ ನನ್ನ ಕೈ ಸುಳ್ಳಲ್ಲ,” ಎಂದರು. ಪ್ರಶ್ನೆಯಾಗಿರಲಿಲ್ಲ, ಆದರೆ ಉತ್ತರಕ್ಕೆ ಕಾದಿದ್ದರು.

“ಕೈ ಅಲ್ಲರಿ, ತಕ್ಕಡಿ,” ಎಂದೆ, ನಗುತ್ತಾ. ನಕ್ಕರೆ ಕ್ಷಮೆ ಕೇಳಿದ ಹಾಗೆ ಆಗುತ್ತದೆ ಎಂದುಕೊಂಡಿದ್ದೆ. ಅವರು ನಗಲಿಲ್ಲ. ಆದರೆ ಎದ್ದರು. “ನಡಿ. ಇನ್ನ ಎರಡ ವಾರ ಅದ. ಕೆರದ ಒಂದ ಸಲ ಸುರಿಯೂಣು. ಮಾಲು ಅದ ಅಲ್ಲ?”

ಮಾಲಿತ್ತು, ಒಂದು ಸಲಕ್ಕೆ ಸರಿಯಾಗಿ.

ಇಲ್ಲಿಗೆ ನನ್ನ ಊಟದ ಮೇಜಿನ ಕಥೆ ಮುಗಿಯುತ್ತದೆ. ಕೊಡುಗೈ ಮುದುಕ, ಸುಳ್ಳು ತಕ್ಕಡಿ, ನಿಲ್ಲದ ಮೇಜು. ಜನ ನಗುತ್ತಾರೆ, ಯಾರಾದರೂ ಕಣ್ಣೊರೆಸಿಕೊಳ್ಳುತ್ತಾರೆ, ನಾನು ಪಲ್ಯ ಬಡಿಸುತ್ತೇನೆ. ಮಾಲಿನ ಬಗ್ಗೆ ಯಾರೂ ಕೇಳಿಲ್ಲ.

ಶೆಡ್ಡಿಗೆ ಇಬ್ಬರೂ ಕೂಡಿಯೇ ಹೋದೆವು. ಪೆಟ್ಟಿಗೆ ಖಾಲಿ ಇತ್ತು. ಡಬ್ಬಿಗಳನ್ನು ಒಳಗಿಡುವುದು ಅವರ ಕೆಲಸ, ಅವತ್ತು ಅವರಿರಲಿಲ್ಲ, ನನಗೆ ಹೊಳೆದಿರಲಿಲ್ಲ. ಎರಡೂ ನೆಲದ ಮೇಲೆ, ಸೋರುವ ತಗಡಿನ ಸರಿಯಾಗಿ ಕೆಳಗೆ ಕೂತಿದ್ದವು. ದೊಡ್ಡ ಡಬ್ಬಿಯ ಮೇಲೆ ಕೆಂಪು ಮುಚ್ಚಳ. ಕೆಂಪು ಡಬ್ಬಿಯ ಮೇಲೆ ಬರೀ ತಗಡಿನ ಮುಚ್ಚಳ.

ಕೆಂಪು ಮುಚ್ಚಳಕ್ಕೆ ಅಂಟಿದ್ದ ಹಾರ್ಡನರ್ ರೆಸಿನ್ನಿಗೆ ತಾಗಿ, ದೊಡ್ಡದರ ಬಾಯಿ ಅಂಚಿನಲ್ಲೇ ಕಲ್ಲಾಗಿ ಕಚ್ಚಿಕೊಂಡಿತ್ತು. ಮೂರು ತಿಂಗಳು ನನ್ನ ಮೇಜಿನ ಮೇಲೆ ಗಟ್ಟಿಯಾಗದ ವಸ್ತು ಅಲ್ಲಿ, ನನಗೆ ಬೇಡವಾದ ಕಡೆ, ಉಳಿ ತಾಗದಷ್ಟು ಗಟ್ಟಿಯಾಗಿತ್ತು. ಹಾರ್ಡನರಿನ ಡಬ್ಬಿಗೆ ಇನ್ನೊಂದರ ಮುಚ್ಚಳ ದೊಡ್ಡದು, ಸಡಿಲ. ಎತ್ತಿದರೆ ಒಳಗೆಲ್ಲ ಮಜ್ಜಿಗೆ. ಐದು ದಿನದ ಸೋರಿದ ನೀರು.

ವ್ಯಾಪಾರಿಯ ಹತ್ತಿರ ಮುಂದಿನ ಮಾಲು ಬರುವುದು ದೀಪಾವಳಿಯ ಹೊತ್ತಿಗೆ ಎಂದು ನನಗೆ ಗೊತ್ತಿತ್ತು.

ಮಾವ ಡಬ್ಬಿ ನೋಡಿದರು. ಮುಚ್ಚಳ ನೋಡಿದರು. ಮೂವತ್ತೊಂದು ವರ್ಷ ಡಬ್ಬಿಗಳ ನಡುವೆ ಬದುಕಿದ ಮನುಷ್ಯನಿಗೆ ಏನಾಗಿದೆ ಎಂದು ತಿಳಿಯಲು ಒಂದು ಉಸಿರು ಸಾಕು.

“ಮಳಿ,” ಎಂದೆ ನಾನು.

ಅವರು ಸಡಿಲ ಮುಚ್ಚಳವನ್ನು ಪಕ್ಕಕ್ಕಿಟ್ಟು, ಒಂದು ಚಿಕ್ಕ ತಟ್ಟೆ ತಂದು ಕೆಂಪು ಡಬ್ಬಿಯ ಬಾಯಿ ಮುಚ್ಚಿದರು, ಇನ್ನೂ ಅದಕ್ಕೇನೋ ಬೆಲೆ ಇದೆ ಎಂಬಂತೆ.

“ಹೌದವಾ,” ಎಂದರು. “ಈ ವರ್ಷ ಮಳಿ ಭಾಳಾತು.”

ದಸರೆಗೆ ಭಾವ ಮಂಚ ಸಮೇತ ಬಂದ. ಅವನೆದುರು ಮಾವ ನಾನು ಬಾಯಿ ತೆರೆಯುವ ಮೊದಲೇ ಹೇಳಿದರು: “ತಪ್ಪು ನಂದೋ. ನನ್ನ ತಕ್ಕಡಿ ಸುಳ್ಳಿತ್ತು. ಪಾಪ, ಆಕಿ ನಾಕ ತಿಂಗಳ ಒದ್ದಾಡಿದ್ಲು.” ನಾನು ಅದನ್ನು ತಿದ್ದದೆ ಮಂಚದ ಒಂದು ತುದಿ ಹಿಡಿದೆ. ಶೆಡ್ಡು ಖೋಲಿಯಾಯಿತು. ನೇರಳೆಯ ಒಂದು ಹೋಳು ಭಾವನ ಮನೆಯವರ ಉಪ್ಪಿನಕಾಯಿ ಭರಣಿಗಳ ಕೆಳಗೆ ಹೋಯಿತು, ಇನ್ನೊಂದು ಎಲ್ಲಿ ಹೋಯಿತೋ. ನಾನು ಮತ್ತೆ ಶಾಲೆಗೆ ಸೇರಿ ಮಾವಿನಹಣ್ಣು ಬರೆಸಿದೆ. ಯಾರಾದರೂ ಬಂದರೆ ಮಾವನೇ ಶುರು ಮಾಡುತ್ತಿದ್ದರು, “ಕೇಳ್ರಿ ನನ್ನ ತಕ್ಕಡಿ ಕಥಿ” ಎಂದು. ಹೇಳುತ್ತಾ ಹೇಳುತ್ತಾ ಅವರೂ ನಂಬಿದರೋ, ನನಗಾಗಿ ನಂಬಿದಂತೆ ಇದ್ದರೋ, ಕೇಳಲಿಲ್ಲ. ಅವರು ತೀರಿಕೊಂಡ ಮೇಲೆ ಕಥೆ ನನ್ನ ಪಾಲಿಗೆ ಬಂತು.

ಅವರ ಮಣಿಕಟ್ಟು ಬಾಗಿದ್ದು ನನಗೆ ಇಂದಿಗೂ ಸ್ಪಷ್ಟವಾಗಿ ಕಾಣುತ್ತದೆ. ಬೆಳಕು ಎಡಗಡೆಯಿಂದ ಬೀಳುತ್ತಿತ್ತು, ಕಪ್ಪಿನ ಅಂಚಿನಿಂದ ಒಂದೆಳೆ ಇಳಿಯಿತು. ಅದು ನಡೆದಿಲ್ಲ. ಮುಚ್ಚಳ ಬದಲಾಯಿಸಿ ಒತ್ತಿದ್ದು ಮಾತ್ರ ಎಷ್ಟು ಹುಡುಕಿದರೂ ನೆನಪಿನಲ್ಲಿ ಸಿಗುವುದಿಲ್ಲ. ಅದು ನಡೆದಿದೆ.

ವಾಕಡದ ನೆಲಮಾಳಿಗೆಯಲ್ಲಿ ಯಾದಗಿರಿಯವನು ತೂಗಿ ಮುಗಿಸಿ ಎದ್ದ. ಜೊತೆಯವನು ಮುಚ್ಚಳವೊಂದನ್ನು ಎತ್ತಿ ಚಿಕ್ಕ ಡಬ್ಬಿಗೆ ಒತ್ತಲು ಹೋದ.

“ಅದು ಆ ಡಬ್ಬಿದಲ್ಲ,” ಎಂದೆ.

ಇಬ್ಬರೂ ತಿರುಗಿ ನೋಡಿದರು. ಪುಣೆಯಲ್ಲಿ, ಹೆಲ್ಮೆಟ್ ತೊಟ್ಟ ಹೆಂಗಸೊಬ್ಬಳು, ಕನ್ನಡದಲ್ಲಿ. ಹಿರಿಯವನು ಮುಚ್ಚಳ ತೆಗೆದುಕೊಂಡು ತಿರುಗಿಸಿ ನೋಡಿ, ಇನ್ನೊಂದನ್ನು ಹುಡುಕಿ ಹಾಕಿದ.

“ಖರೇ ಅದ. ನಿಮಗ್ಹೆಂಗ ಗೊತ್ತಾತ್ರಿ ಅಕ್ಕಾ?”

“ಒಮ್ಮೆ ಸಿಟ್ಟಿನಾಗ ನಾನೂ ಬದಲಿ ಮಾಡಿ ಮುಚ್ಚಿದ್ದೆ.”

“ಮಾಲು ಹೋತೇನ್ರಿ?”

“ಹೋತು.”

“ಹಂಗಾರ ಭಾಳ ಬೈಸ್ಕೊಂಡಿರಬೇಕು!”

“ಇಲ್ಲ,” ಎಂದೆ. “ಯಾರೂ ಬೈಲಿಲ್ಲ.”

ಅವನು ಮುಚ್ಚಳವನ್ನು ಅಂಗೈಯಿಂದ ಬಿಗಿಯಾಗಿ ಒತ್ತಿದ. “ಬೈದಿದ್ರ ಛಲೋ ಇತ್ತು ನೋಡ್ರಿ,” ಎಂದು, ಮತ್ತೆ ನೆಲಕ್ಕೆ ಬಗ್ಗಿದ.